ಪಲೆರ್ಮೊ ಗಲ್ಲಿಯಲ್ಲಿ ಸಿಕ್ಕ ನಮ್ಮೂರಿನವರು

ಇಟಲಿಯ ಪಲೆರ್ಮೊದಲ್ಲಿ ಊರಹಬ್ಬ. ಕೆಂಪು ಗುಮ್ಮಟದ ಹಳೇ ಚರ್ಚಿನ ಪಕ್ಕದ ಗಲ್ಲಿಯಲ್ಲಿ ನಾನೂ ಹೆಂಡತಿಯೂ ಕರಿದ ಅನ್ನದುಂಡೆ ತಿನ್ನುತ್ತಾ ನಿಂತಿದ್ದೆವು. ಹೋಟೆಲಿನ ಹೊರಗಿನ ಮೇಜೊಂದರಲ್ಲಿ ಯಾರೋ ಅಪ್ಪಟ ಆಸ್ಟ್ರೇಲಿಯಾ ಇಂಗ್ಲಿಷಿನಲ್ಲಿ ನಮ್ಮ ಸಿಡ್ನಿಯ ಸುದ್ದಿ ಆಡುತ್ತಿದ್ದರು. ನಮ್ಮೂರಿನವರು ಸಿಕ್ಕರಲ್ಲ ಎಂಬ ಖುಷಿಯಲ್ಲಿ, ಸಿಡ್ನಿಯ ಯಾವ ಬಡಾವಣೆ ಎಂದು ಕೇಳಲು ಹೋದೆ. ಬಾಯಿ ತೆರೆಯುವ ಮುಂಚೆಯೇ ಅವರಲ್ಲೊಬ್ಬ ಬೇಡವೆಂದು ಕೈ ಅಲ್ಲಾಡಿಸಿದ: “ನೋ ರೋಸಸ್, ಮೇಟ್!”

ಅಲ್ಲಿ ಮೇಜಿನಿಂದ ಮೇಜಿಗೆ ಗುಲಾಬಿ ಮಾರುತ್ತಿದ್ದವರು ನನ್ನದೇ ಮೈಬಣ್ಣದ ಬಾಂಗ್ಲಾದೇಶದವರು. ನನ್ನ ಕೈಯಲ್ಲಿದ್ದದ್ದು ಅರ್ಧ ತಿಂದ ಅನ್ನದುಂಡೆ.

“ಏನಂದ್ರು? ಸಿಡ್ನಿಯಲ್ಲಿ ಎಲ್ಲಿಯವ್ರಂತೆ?” ಹೆಂಡತಿ ಕೇಳಿದಳು.

“ಸಿಡ್ನಿಯವ್ರಲ್ಲ ಬಿಡು,” ಅಂದೆ.

ಸಿಡ್ನಿಯ ಕೆಲ್ಲಿವಿಲ್‌ನ ನಮ್ಮ ಮನೆಗೆ ಮರಳಿದ್ದೇವೆ. ಮೆಟ್ರೊದಲ್ಲಿ ಯಾರನ್ನಾದರೂ ಮಾತಾಡಿಸುವ ಮುಂಚೆ ಈಗ ಅವರ ಕೈಯಲ್ಲೇನಿದೆ ಎಂದು ನೋಡುತ್ತೇನೆ.