ಹಣ್ಣುಹುಳು ಎತ್ತುವ ಕೈ

೧೯೯೪ರಲ್ಲಿ, ಏಳನೆಯ ತರಗತಿಗೆ ನಾನು ಓದು ಬಿಟ್ಟೆ. ಅಂದಿನಿಂದ ಕೈಯನ್ನೇ ನಂಬಿದವನು. ದೇವರಾಯಸಮುದ್ರದ ಸುತ್ತಮುತ್ತ ಯಾರ ಮನೆಯಲ್ಲಿ ರೇಷ್ಮೆಹುಳು ಹಣ್ಣಾದರೂ ನನಗೆ ಕರೆ ಬರುತ್ತಿತ್ತು. ಗೂಡು ಕಟ್ಟಲು ಸಿದ್ಧವಾದ ಹುಳುವನ್ನು ಹಿಪ್ಪುನೇರಳೆ ಸೊಪ್ಪಿನ ನಡುವಿನಿಂದ ಎತ್ತಿ ಚಂದ್ರಿಕೆ ಎಂಬ ಬಿದಿರಿನ ತಟ್ಟಿಯ ಮೇಲೆ ಬಿಡಬೇಕು. ಹಿಡಿತ ಕೊಂಚ ಬಿಗಿಯಾದರೆ ಹುಳು ಒಡೆಯುತ್ತದೆ. ನನ್ನ ಕೈಯಲ್ಲಿ ಒಡೆಯುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಬಲಗೈಯ ಮಣಿಕಟ್ಟಿನ ಒಳಬದಿಯಲ್ಲಿ, ಸ್ವಲ್ಪ ಮೇಲಕ್ಕೆ, ನನಗೊಂದು ಉದ್ದನೆಯ ಉಬ್ಬಿತ್ತು. ಸೊಪ್ಪು ಕೊಯ್ದ ದಿನ ಇನ್ನೂ ದಪ್ಪವಾಗುತ್ತಿತ್ತು. ದುಡಿದವನ ಗುರುತು ಎಂದು ಕಂಡವರಿಗೆಲ್ಲ ತೋರಿಸುತ್ತಿದ್ದೆ. ಎರಡು ವರ್ಷದ ಹಿಂದೆ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜೋಮು ಹಿಡಿಯತೊಡಗಿದವು. ನಮ್ಮ ಕಡೆ ಕೂಲಿಯವರು ಮಾಡುವಂತೆ ಮಣಿಕಟ್ಟಿಗೆ ಬಟ್ಟೆ ಬಿಗಿದು ಸುತ್ತಿಕೊಂಡೆ. ಜೋಮು ಹೆಚ್ಚಾಯಿತು. ಒಂದು ದಿನ ಪಕ್ಕದ ಮನೆಯಲ್ಲಿ ಹುಳು ಎತ್ತುವಾಗ ಬೆರಳಲ್ಲೇ ಒಡೆದುಹೋಯಿತು. ನನಗೆ ತಿಳಿಯಲೇ ಇಲ್ಲ.

"ಏನಣ್ಣೋ, ಹುಳ ಬಿಡ್ತಿದ್ದೀಯೋ, ಚಟ್ನಿ ಅರೀತಿದ್ದೀಯೋ?" ಎಂದಳು ಆ ಮನೆಯಾಕೆ.

ಎಲ್ಲರ ಜೊತೆ ನಾನೂ ನಕ್ಕೆ. ಮನೆಗೆ ಬಂದವನಿಗೆ ಊಟ ಸೇರಲಿಲ್ಲ. ಮುಂದಿನ ಬೆಳೆಗೆ ಯಾರೂ ಕರೆಯಲಿಲ್ಲ.

ಹೆಂಡತಿ ಬಿಡದೆ ಕೋಲಾರಕ್ಕೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಸ್ಕ್ಯಾನ್ ನೋಡಿ ಹೇಳಿದರು: "ಗೆಡ್ಡೆ ಅಲ್ಲ, ಹೆದರಬೇಡಿ. ಇದು ಸ್ನಾಯು. ಬೇರೆಯವರಿಗೆ ಮೊಣಕೈ ಕಡೆ ದಪ್ಪ, ಅಂಗೈ ಕಡೆ ದಾರದ ಥರ ಇರುತ್ತೆ. ನಿಮಗೆ ಹುಟ್ಟಿನಿಂದ್ಲೇ ತಿರುಗುಮುರುಗು. ದುಡಿದಷ್ಟೂ ಉಬ್ಬಿ ಕೆಳಗಿರೋ ನರಾನ ಒತ್ತುತ್ತೆ. ಅದರ ಮೇಲೆ ಬಟ್ಟೆ ಬೇರೆ ಬಿಗಿದಿದ್ದೀರಿ! ಆಪರೇಷನ್ ಮಾಡಿ ಈ ಸ್ನಾಯು ತೆಗೆದುಬಿಡೋಣ."

"ಇವರದ್ದೆಲ್ಲಾ ತಿರುಗುಮುರುಗೇ ಡಾಕ್ಟ್ರೇ," ಎಂದಳು ಹೆಂಡತಿ.

"ತೆಗೆದ್ರೆ ಕೈ ಶಕ್ತಿ ಹೋಗಲ್ವಾ ಮೇಡಂ?" ಎಂದೆ. ನನ್ನ ಭಯವೆಲ್ಲ ಅದೊಂದೇ.

ಡಾಕ್ಟರಮ್ಮ ನನ್ನ ಹೆಂಡತಿಯ ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ, ಮಣಿಕಟ್ಟು ಮಡಚಲು ಹೇಳಿದರು. ಮಣಿಕಟ್ಟಿನ ನಡುವೆ ದಾರದಂಥದ್ದೇನೂ ಉಬ್ಬಿ ಏಳಲಿಲ್ಲ. "ನೋಡಿ, ಇವರಿಗೆ ಈ ಸ್ನಾಯು ಇಲ್ಲವೇ ಇಲ್ಲ. ಎಷ್ಟೋ ಜನಕ್ಕೆ ಇರಲ್ಲ."

"ಕೇಳಿಸ್ತಾ? ಅದಿಲ್ದೇನೇ ಇಪ್ಪತ್ತು ವರ್ಷದಿಂದ ನಿಮಗೆ ಮುದ್ದೆ ತಿರುವಿ ಹಾಕ್ತಿದ್ದೀನಿ!"

ಡಾಕ್ಟರಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ಆಪರೇಷನ್‌ಗೆ ಒಪ್ಪಿದೆ.

ಗಾಯ ಬೇಗ ಮಾಗಿತು. ಬೆರಳುಗಳು ಎಚ್ಚರಗೊಳ್ಳಲು ತಿಂಗಳುಗಳು ಬೇಕಾದವು. ಪಕ್ಕದ ಮನೆಯಲ್ಲಿ ಮತ್ತೆ ಹುಳು ಹಣ್ಣಾದ ದಿನ ಕರೆಯದಿದ್ದರೂ ಹೋಗಿ ಕೂತೆ. ಎಲ್ಲರ ಕಣ್ಣು ನನ್ನ ಕೈ ಮೇಲೆ. ಮೊದಲ ಹುಳು ಹೆಬ್ಬೆರಳ ಮೇಲೆ ತಣ್ಣಗೆ ಹೊರಳಿತು. ಆ ತಂಪು ನನಗೆ ತಿಳಿಯಿತು! ಸಂಜೆಯವರೆಗೆ ಎತ್ತಿದೆ, ಒಂದೂ ಒಡೆಯಲಿಲ್ಲ.

"ನಾಳೆ ನಮ್ಮ ತಂಗಿ ಮನೇಲೂ ಹಣ್ಣಾಗ್ತವೆ, ಬೆಳಿಗ್ಗೇನೇ ಬಂದ್ಬಿಡಣ್ಣ," ಎಂದಳು ಆಕೆ.

ಈಗ ನನಗಿರುವುದು ಒಂದು ಎಕರೆ ಹಿಪ್ಪುನೇರಳೆ, ಎರಡು ಹಸು, ಮೂವತ್ತು ಚಂದ್ರಿಕೆ, ಈ ವಾರ ಕರೆದಿರುವ ನಾಲ್ಕು ಮನೆ, ಕೆಲಸ ಮಾಡುವ ಹತ್ತು ಬೆರಳು.