ಲೋಕಲ್‌ನಲ್ಲಿ ಇಲ್ಲದ ಬಾಗಿಲು

ವಿಜಯಪುರ ಕಡೆಯ ಹಳ್ಳಿಯವನಾದರೂ ಲೋಕಲ್ ರೈಲಿನ ವಿಷಯದಲ್ಲಿ ಮುಂಬೈಯಲ್ಲೇ ಹುಟ್ಟಿದವರಿಗೂ ನಾನು ಪಾಠ ಹೇಳಬಲ್ಲೆ. ಜಂಬವಲ್ಲ, ಇದ್ದದ್ದು ಹೇಳಿದೆ. ಅಂಥ ನನಗೆ ಲೋಕಲ್‌ನಲ್ಲೇ ನಡೆಯುವ ಥ್ರಿಲ್ಲರ್ ಸಿನಿಮಾದಲ್ಲಿ ಪಾರ್ಟು ಸಿಕ್ಕಿತು! ಹೀರೋನನ್ನು ಹುಡುಕುತ್ತ ಕೊಲೆಗಾರ ಬೋಗಿಯಿಂದ ಬೋಗಿಗೆ ಒಳಗಿಂದಲೇ ನುಗ್ಗುತ್ತಾನೆ. ನಡುವಿನ ಬಾಗಿಲಲ್ಲಿ ನಿಂತ ನನ್ನ ಎದೆಗೆ ಗುದ್ದುತ್ತಾನೆ. ಆಗ ಪರದೆ ತುಂಬ ನನ್ನದೇ ಮುಖ! ಊರಿಗೆಲ್ಲ ಫೋನ್ ಮಾಡಿಬಿಟ್ಟಿದ್ದೆ.

ಆದರೆ ಸೆಟ್ ನೋಡಿದ ಮೇಲೆ ತಡೆಯಲಾಗಲಿಲ್ಲ. "ಸರ್, ಈ ಬಾಗಿಲೇ ತಪ್ಪು!" ಎಂದು ಡೈರೆಕ್ಟರಿಗೆ ಹಿಂದಿಯಲ್ಲಿ ಕೂಗಿದೆ. "ಎಸಿ ಇಲ್ಲದ ಲೋಕಲ್‌ನಲ್ಲಿ ಬೋಗಿಯಿಂದ ಬೋಗಿಗೆ ಒಳದಾರಿಯೇ ಇರೋದಿಲ್ಲ."

ಪಾರ್ಟು ಕೊಡಿಸಿದ ಉಡುಪಿಯ ಶೆಟ್ಟರು ನನ್ನ ಅಂಗಿ ಎಳೆದರು. "ಸುಮ್ಮನಿರು ಮಾರಾಯ, ನಿನಗೆ ಯಾಕೆ ಅಧಿಕಪ್ರಸಂಗ?"

"ತಡೀರಿ ಶೆಟ್ರ, ನಾಳೆ ಬೊರಿವಲಿ ಲೋಕಲ್‌ನಾಗ ದಿನಾ ಓಡಾಡೋ ಮಂದಿ ನೋಡಿ ನಗ್ತಾರ!"

ಡೈರೆಕ್ಟರ್ ಹತ್ತಿರ ಬಂದ. "ಹಾಗಾದರೆ ಕೊಲೆಗಾರ ಹೇಗೆ ಬರಬೇಕು?"

"ಸ್ಟೇಷನ್ನಿನಲ್ಲಿ ಇಳಿದು, ಪ್ಲಾಟ್‌ಫಾರ್ಮ್ ಮೇಲೆ ಓಡಿ, ರೈಲು ಹೊರಡುವುದರೊಳಗೆ ಮುಂದಿನ ಬೋಗಿ ಹತ್ತಬೇಕು ಸರ್!" ಓಡಿಯೂ ತೋರಿಸಿದೆ.

"ಶಭಾಷ್!" ಎಂದು ಬೆನ್ನು ತಟ್ಟಿದ. ಸೆಟ್ಟಿನವರೆಲ್ಲ ಚಪ್ಪಾಳೆ ಹೊಡೆದರು. ನಾನು ಎದೆ ಉಬ್ಬಿಸಿ ನಿಂತಿದ್ದಾಗಲೇ ಬಡಗಿಗಳು ಬಂದು ಆ ಬಾಗಿಲಿಗೆ ಹಲಗೆ ಜಡಿದು ಮುಚ್ಚತೊಡಗಿದರು.

"ಶೆಟ್ರ, ಈಗ ನಾ ಎಲ್ಲಿ ನಿಲ್ಲಲಿ?"

"ಬಾಗಿಲೇ ಇಲ್ಲ, ಇನ್ನು ಗುದ್ದುವುದು ಯಾರನ್ನು? ಊಟ ಮಾಡಿ ಮನೆಗೆ ಹೋಗು."

ಸಿನಿಮಾ ಬಂದಾಗ ಆ ದೃಶ್ಯ ತಪ್ಪದೆ ನೋಡಿ. ಎಷ್ಟು ಹುಡುಕಿದರೂ ತಪ್ಪು ಸಿಗುವುದಿಲ್ಲ. ನಾನೂ ಸಿಗುವುದಿಲ್ಲ.