ಸಾಲಕ್ಕೆ ಹೋದ ಆಟಗಾರ

ನಾನು ಮೈಸೂರಿನಿಂದ ಬಂದು ಒಂದು ಚಳಿಗಾಲ ಕಳೆದಿತ್ತಷ್ಟೇ. ಎರಡು ಸಾವಿರದ ಇಸವಿಯ ಆಸುಪಾಸು. ಬರ್ಮಿಂಗ್‌ಹ್ಯಾಮಿನ ಹೊರವಲಯದಲ್ಲಿ ನಮ್ಮ ಪಕ್ಕದ ಮನೆಗೆ ಲಾಟ್ವಿಯಾ ದೇಶದ ಗಂಡ ಹೆಂಡತಿ, ಒಂದು ಹೆಣ್ಣುಮಗು ಬಂದರು. ಗಂಡ ಬೆಳಿಗ್ಗೆ ಹೋದವನು ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಮನೆಯಲ್ಲಿರುತ್ತಿದ್ದ. ಪಾಪ, ಸರಿಯಾದ ಕೆಲಸ ಸಿಕ್ಕಿಲ್ಲವೇನೋ ಎಂದುಕೊಂಡು ನಾನು ಆಗಾಗ ಚಿತ್ರಾನ್ನ ಕೊಟ್ಟು ಬರುತ್ತಿದ್ದೆ.

ನಮ್ಮವರು ಆಸ್ಪತ್ರೆಯಲ್ಲಿ ಮೂಳೆ ಡಾಕ್ಟರು. ಒಂದು ದಿನ ನಗುತ್ತಲೇ ಮನೆಗೆ ಬಂದರು.

"ಪಕ್ಕದ ಮನೆಯವನು ದೊಡ್ಡ ಫುಟ್‌ಬಾಲ್ ಆಟಗಾರ ಕಣೇ. ಮಿಡ್‌ಫೀಲ್ಡರ್. ಅವನ ದೇಶದ ಟೀಮಿಗೂ ಆಡ್ತಾನೆ."

"ಅಂದ್ರೆ ಗೋಲ್ ಹೊಡೆಯೋನಾ?"

"ಅಲ್ಲ. ಮಧ್ಯದಲ್ಲಿರ್ತಾನೆ."

ಮಧ್ಯದಲ್ಲಿದ್ದು ಏನು ಮಾಡುತ್ತಾನೆಂದು ತಿಳಿಯಲಿಲ್ಲ. ಅವನೇ ಟಿಕೆಟ್ ಕೊಟ್ಟು ಕರೆದದ್ದಕ್ಕೆ ಒಂದು ಶನಿವಾರ ಆಟ ನೋಡಲು ಹೋದೆ. ಅವನು ಮೈದಾನದ ತುಂಬ ಓಡುತ್ತಿದ್ದ. ಚೆಂಡು ಕಾಲಿಗೆ ಬಂದ ತಕ್ಷಣ ಇನ್ನೊಬ್ಬನಿಗೆ ಕೊಟ್ಟುಬಿಡುತ್ತಿದ್ದ. ಆಟ ಮುಗಿಯುವ ಮೊದಲೇ ಅವನನ್ನು ಹೊರಗೆ ಕರೆಸಿದರು. ನಮ್ಮ ಹಿಂದೆ ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಕೂಗಿ ಬೈದರು. ಏನಾಯಿತೆಂದು ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿಯ ಮುಖ ನೋಡಿದೆ. ಅವಳು ನನ್ನ ಮುಖ ನೋಡುತ್ತಿದ್ದಳು. ಇಬ್ಬರೂ ಚಪ್ಪಾಳೆ ತಟ್ಟಿದೆವು.

ಅಷ್ಟರಲ್ಲಿ ಅವನನ್ನು ಈ ಕ್ಲಬ್ಬಿಗೆ ಕರೆಸಿಕೊಂಡಿದ್ದ ಮ್ಯಾನೇಜರ್ ಬದಲಾದ. ಹೊಸಬನಿಗೆ ಇವನು ಬೇಡವಾಗಿದ್ದ. ಒಂದು ಬೆಳಿಗ್ಗೆ ಹೆಂಡತಿ ನಮ್ಮ ಹಿಂಬಾಗಿಲಿಗೆ ಬಂದು ಅಳತೊಡಗಿದಳು. ಅವಳಿಗೆ ಬರುತ್ತಿದ್ದದ್ದು ನಾಲ್ಕೇ ಮಾತು ಇಂಗ್ಲಿಷ್. "ಗಂಡ. ಲೋನ್," ಎಂದಳು. ನಾನು ಬ್ಯಾಂಕಿನದೇನೋ ತೊಂದರೆ ಎಂದುಕೊಂಡು ನಮ್ಮವರಿಗೆ ಫೋನ್ ಮಾಡಿದೆ.

"ಅವನನ್ನೇ ಲೋನ್ ಕೊಟ್ಟಿದ್ದಾರೆ," ಎಂದರು. "ಲೀಡ್ಸ್ ಆಚೆ ಯಾವುದೋ ಸಣ್ಣ ಕ್ಲಬ್ಬಿಗೆ."

"ಮನುಷ್ಯರನ್ನ ಹೇಗ್ರೀ ಸಾಲ ಕೊಡೋದು?"

"ಇಲ್ಲಿ ಕೊಡ್ತಾರೆ. ಬೇಕಾದಾಗ ವಾಪಸ್ ತರಿಸ್ಕೋತಾರೆ."

ಅವಳಿಗೆ ಇದನ್ನು ತಿಳಿಸುವುದು ಹೇಗೆ? ಮೇಜಿನ ಮೇಲೆ ಎರಡು ಲೋಟ ಇಟ್ಟು, ಒಂದರಲ್ಲಿದ್ದ ಚಮಚವನ್ನು ತೆಗೆದು ಇನ್ನೊಂದಕ್ಕೆ ಹಾಕಿದೆ. "ವಾಪಸ್?" ಎಂದಳು. ಚಮಚ ವಾಪಸ್ ತಂದೆ. "ಯಾವಾಗ?" ನನಗೂ ಗೊತ್ತಿರಲಿಲ್ಲ. ಚಮಚ ಕೈಯಲ್ಲೇ ಹಿಡಿದು ನಿಂತೆ. ಅವಳು ಅಳುತ್ತಲೇ ನಕ್ಕುಬಿಟ್ಟಳು.

ಲೀಡ್ಸಿನಲ್ಲಿ ನಮ್ಮ ಸ್ನೇಹಿತರಿದ್ದರು. ಒಮ್ಮೆ ಅಲ್ಲಿಗೆ ಹೋಗುವಾಗ ತಾಯಿ ಮಗಳನ್ನೂ ಕರೆದುಕೊಂಡು ಹೋಗಿ ಅವನಿದ್ದ ಊರಿಗೆ ಬಿಟ್ಟೆವು. ಅವನ ಗತ್ತೇ ಬೇರೆಯಾಗಿತ್ತು. ಬ್ರೆಡ್ ಅಂಗಡಿಯ ಮುದುಕಿ ಅವನ ಕೆನ್ನೆ ತಟ್ಟಿ, "ಇವನು ನಮ್ಮ ಹುಡುಗ, ನಾವು ವಾಪಸ್ ಕೊಡಲ್ಲ," ಎಂದಳು. ಅವನು ನಾಚಿಕೊಂಡು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡ.

ಅವನ ಆಟ ಚೆನ್ನಾಗಿದೆಯೆಂದು ಪತ್ರಿಕೆಯಲ್ಲಿ ಬಂದ ಮೇಲೆ ಹಳೆಯ ಕ್ಲಬ್ಬಿನವರು ವಾಪಸ್ ಕರೆಸಿಕೊಂಡರು. ಕರೆಸಿಕೊಂಡು ಆಡಿಸದೆ ಬೆಂಚಿನ ಮೇಲೆ ಕೂರಿಸಿದರು.

"ಚೆನ್ನಾಗಿ ಆಡಿದ್ದಕ್ಕೆ ಕೂರಿಸಿದ್ರಾ?" ಎಂದು ಬೇಲಿಯ ಈಚೆಯಿಂದ ಕೇಳಿದೆ.

"ನನಗೂ ಅರ್ಥ ಆಗ್ತಿಲ್ಲ," ಎಂದ.

ಸೀಸನ್ ಮುಗಿದಾಗ ಅವನನ್ನು ಬಿಟ್ಟೇಬಿಟ್ಟರು. ಮನೆ ಖಾಲಿ ಮಾಡುವ ದಿನ ಪುಳಿಯೋಗರೆ ಕಟ್ಟಿಕೊಟ್ಟು, ಮುಂದೆ ಎಲ್ಲಿಗೆ ಎಂದು ಕೇಳಿದೆ.

"ಮೊದಲು ನಮ್ಮೂರು ರೀಗಾಕ್ಕೆ. ಆಮೇಲೆ ಯಾರು ಫೋನ್ ಮಾಡ್ತಾರೋ ಅಲ್ಲಿಗೆ."

"ಬೇಜಾರಾಗಿದ್ಯಾ?"

"ನನ್ನ ದೇಶದಲ್ಲಿ ನಾನು ಕ್ಯಾಪ್ಟನ್. ಇಲ್ಲಿ ನಾನು ಏನು ಅಂತ ಯಾರೂ ಹೇಳಲೇ ಇಲ್ಲ."

ಇಲ್ಲಿ ನಾನು ಏನು ಎಂದು ನನಗೂ ಯಾರೂ ಹೇಳಿರಲಿಲ್ಲ.

ಆಮೇಲೆ ಅವನು ಇನ್ನೆರಡು ದೇಶಗಳಲ್ಲಿ ಆಡಿದ. ಮಂಡಿ ಕೈಕೊಟ್ಟ ಮೇಲೆ ರೀಗಾದಲ್ಲಿ ಮಕ್ಕಳಿಗೆ ಆಟ ಕಲಿಸಲು ನಿಂತ. ಕ್ರಿಸ್‌ಮಸ್ ಹೊತ್ತಿಗೆ ಹೆಂಡತಿಯ ಫೋನ್ ಬರುತ್ತಿತ್ತು. ಅವಳ ಇಂಗ್ಲಿಷ್ ಈಗ ಸಲೀಸಾಗಿತ್ತು. ಯಾವುದಾದರೂ ಮಗುವನ್ನು ತಂಡದಿಂದ ಕೈಬಿಡಬೇಕಾದ ದಿನ ಅವನಿಗೆ ಊಟ ಸೇರುವುದಿಲ್ಲವಂತೆ. ಏಕೆ ಕೈಬಿಟ್ಟೆನೆಂದು ಮನೆಯವರೆಗೂ ಹೋಗಿ, ಆ ಮಗುವಿಗೆ ತಾನೇ ತಿಳಿಸಿ ಬರುತ್ತಾನಂತೆ.